ಮೊದಲು ಭಾಷೆ, ಆಮೇಲೆ ವಿಭಾಗ

ಪತ್ರ: “ಪ್ರಾಚೀನ ಗ್ರಂಥಗಳನ್ನು ಅನುವಾದಿಸುವ ಆಸೆ ನನ್ನದು. ಪದವಿಗೆ ಭಾಷಾವಿಜ್ಞಾನ ತೆಗೆದುಕೊಳ್ಳಲೇ, ಪುರಾತತ್ತ್ವ ತೆಗೆದುಕೊಳ್ಳಲೇ? ಕ್ರೀಟ್ ಮತ್ತು ಗ್ರೀಸಿನ ಮಣ್ಣಿನ ಫಲಕಗಳಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿ ಬಿಡಿಸಿದ ಮೈಕೆಲ್ ವೆಂಟ್ರಿಸ್ ವಾಸ್ತುಶಿಲ್ಪಿಯಂತೆ. ಹಾಗಿದ್ದರೆ ವಿಷಯ ಯಾವುದಾದರೇನು? ಪ್ರಾಚೀನ ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ಅಕ್ಕಾಡಿಯನ್ ಭಾಷೆಯ ಗಿಲ್ಗಮೆಶ್ ಕಾವ್ಯದ ಕೆಲವು ಸಾಲುಗಳನ್ನು ಮೂಲದಿಂದ ಅನುವಾದಿಸಿ ಜೊತೆಗಿಟ್ಟಿದ್ದೇನೆ.” – ಒಬ್ಬ ವಿದ್ಯಾರ್ಥಿನಿ

ಸಂಪಾದಕರ ಉತ್ತರ: ವೆಂಟ್ರಿಸ್ ಹೆಸರು ಬರೆದಿರಿ, ಚ್ಯಾಡ್ವಿಕ್ ಹೆಸರು ಬಿಟ್ಟಿರಿ. ಎಲ್ಲರೂ ಹೀಗೇ ಮಾಡುತ್ತಾರೆ. ಆ ಲಿಪಿಯಲ್ಲಿ ಅಡಗಿರುವುದು ಗ್ರೀಕ್ ಭಾಷೆ ಎಂದು ವೆಂಟ್ರಿಸ್ 1952ರಲ್ಲಿ ಕಂಡುಕೊಂಡದ್ದು ನಿಜ. ಆದರೆ ಅದು ಹೋಮರನಿಗಿಂತ ಶತಮಾನಗಳಷ್ಟು ಹಳೆಯ ಗ್ರೀಕ್. ಅದಕ್ಕೆ ಅರ್ಥ ಹಚ್ಚಲು ಗ್ರೀಕ್ ಉಪಭಾಷೆಗಳ ಚರಿತ್ರೆ ಬಲ್ಲ ಜಾನ್ ಚ್ಯಾಡ್ವಿಕ್ ಬೇಕಾದರು. ಇಬ್ಬರಿಗೂ ಮೊದಲು ಪದಗಳ ಕೊನೆ ಹೇಗೆ ಬದಲಾಗುತ್ತದೆಂದು ಚೀಟಿ ಚೀಟಿಯಾಗಿ ವಿಂಗಡಿಸಿ, ಸಿಗರೇಟು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟವರು ಆಲಿಸ್ ಕೋಬರ್. ಅವರು ಗ್ರೀಕ್ ಮತ್ತು ಲ್ಯಾಟಿನ್ ಓದಿದ್ದವರು. ಲಿಪಿ ಬಿಡಿಸುವುದೇ ಬೇರೆ, ಗ್ರಂಥ ಓದುವುದೇ ಬೇರೆ. ನಿಮಗೆ ಬೇಕಿರುವುದು ಎರಡನೆಯದು.

ಭಾಷಾವಿಜ್ಞಾನ ಬೇಡವೆನ್ನುತ್ತಿಲ್ಲ. ಬೆಡ್ರಿಚ್ ಹ್ರೊಜ್ನಿ ಇಂದಿನ ಟರ್ಕಿಯ ಪ್ರಾಚೀನ ಹಿಟೈಟ್ ಭಾಷೆಯನ್ನು ಬಿಡಿಸಿ 1915ರಲ್ಲಿ ಪ್ರಕಟಿಸಿದಾಗ ಒಂದು ವಾಕ್ಯದ ‘ವಾಟರ್’ ಎಂಬ ಪದ ನೀರೇ ಎಂದು ಗುರುತಿಸಲು ಇಂಗ್ಲಿಷಿನಂಥ ಸೋದರ ಭಾಷೆಗಳೊಂದಿಗೆ ಹೋಲಿಸಿ ನೋಡುವ ತೌಲನಿಕ ಭಾಷಾವಿಜ್ಞಾನ ನೆರವಾಯಿತು. ಆದರೆ ಅದೇ ವಾಕ್ಯದಲ್ಲಿ ರೊಟ್ಟಿಯನ್ನು ಸೂಚಿಸುವ ಚಿಹ್ನೆ ಅವರಿಗೆ ಮೊದಲೇ ಗೊತ್ತಿದ್ದದ್ದು ಮಣ್ಣಿನ ಫಲಕದ ಬೆಣೆಯಾಕಾರದ ಲಿಪಿಯಾದ ಕ್ಯೂನಿಫಾರ್ಮ್ ಓದಿ ಪಳಗಿದ್ದರಿಂದ. ರೊಟ್ಟಿ ಸಿಕ್ಕ ಮೇಲೆ ನೀರು ಸಿಕ್ಕಿತು.

ಆದ್ದರಿಂದ ಮೊದಲು ಭಾಷೆ ಆರಿಸಿಕೊಳ್ಳಿ, ವಿಭಾಗ ತಾನಾಗಿ ಗೊತ್ತಾಗುತ್ತದೆ. ಗ್ರೀಕ್, ಲ್ಯಾಟಿನ್ ಆದರೆ ಕ್ಲಾಸಿಕ್ಸ್; ಅಕ್ಕಾಡಿಯನ್, ಸುಮೇರಿಯನ್ ಆದರೆ ಅಸ್ಸೀರಿಯಾಲಜಿ; ಈಜಿಪ್ಟಿನ ಭಾಷೆಯಾದರೆ ಈಜಿಪ್ಟಾಲಜಿ. ಸೇರುವ ಮುನ್ನ ಆ ವಿಭಾಗದವರನ್ನು ಕೇಳಿ: ವಾರಕ್ಕೆ ಎಷ್ಟು ಗಂಟೆ ಮೂಲಪಾಠ ಓದಿಸುತ್ತೀರಿ? ಪಠ್ಯಪುಸ್ತಕದ ವಾಕ್ಯಗಳನ್ನು ಬಿಟ್ಟು ಇಡೀ ಗ್ರಂಥಕ್ಕೆ ಕೈಹಾಕುವುದು ಯಾವ ವರ್ಷ? ಹಸ್ತಪ್ರತಿ ಓದುವುದನ್ನೂ, ಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠ ನಿರ್ಧರಿಸುವ ಗ್ರಂಥಸಂಪಾದನೆಯನ್ನೂ ಕಲಿಸುತ್ತೀರಾ? ತಡವರಿಸಿದರೆ ಬೇರೆ ಕಡೆ ನೋಡಿ. ಜೊತೆಗೆ ಜರ್ಮನ್, ಫ್ರೆಂಚ್ ಓದಲು ಬರಬೇಕು. ಈ ಕ್ಷೇತ್ರದ ಎಷ್ಟೋ ವ್ಯಾಕರಣ, ನಿಘಂಟು, ಟಿಪ್ಪಣಿಗಳು ಆ ಎರಡರಲ್ಲೇ ಇವೆ.

ಗ್ರಂಥಸಂಪಾದನೆ ಯಾಕೆ ಎನ್ನುತ್ತೀರಾ? ಎರಡು ಸಾಲುಗಳು ಒಂದೇ ಪದದಿಂದ ಮುಗಿದರೆ ನಕಲುಗಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತದೆ, ನಡುವಿನದು ಬಿದ್ದುಹೋಗುತ್ತದೆ. ಅನುವಾದಕ ಆ ಹರಿದ ಜಾಗವನ್ನು ಕಲ್ಪನೆಯಿಂದ ಹೊಲಿದುಬಿಟ್ಟರೆ ಓದುಗರಿಗೆ ಅನುಮಾನವೂ ಬರುವುದಿಲ್ಲ. ಅರ್ಥವಾಗದ ಪದವನ್ನು ನಕಲುಗಾರ ಸುಲಭ ಮಾಡಿಬಿಡುವುದು ಹೆಚ್ಚು. ಸುಲಭವಾದದ್ದನ್ನು ಕಠಿಣ ಮಾಡುವುದು ಅಪರೂಪ. ಅದಕ್ಕೇ ಪಾಠಾಂತರಗಳಲ್ಲಿ ಕ್ಲಿಷ್ಟಪಾಠಕ್ಕೆ ಮೊದಲ ಮಣೆ. ಹಾಗೆಂದು ಕ್ಲಿಷ್ಟವೆಲ್ಲ ಸರಿಯಲ್ಲ, ಕೆಲವು ಬರೀ ಕೈತಪ್ಪು. ಈ ವಿವೇಚನೆ ಅನುವಾದ ಸಿದ್ಧಾಂತದ ಪತ್ರಿಕೆಗಳಿಂದ ಬರುವುದಿಲ್ಲ. ದಿನಕ್ಕೆ ಹತ್ತು ಸಾಲು, ಪ್ರತಿ ಪದದ ವಿಭಕ್ತಿ, ಕಾಲ, ಲಿಂಗ ಬರೆದಿಟ್ಟು ಓದಿದರೆ ಬರುತ್ತದೆ.

ಇನ್ನು ನೀವು ಕಳಿಸಿದ ಸಾಲುಗಳು. ಭಾಷೆ ಚೆನ್ನಾಗಿದೆ, ನಿಮಗೆ ಕಿವಿಯಿದೆ. ಆದರೆ ಇವು ಇಂಗ್ಲಿಷಿನಿಂದ ಬಂದವು ಎಂಬುದು ಎರಡನೇ ಸಾಲಿಗೇ ತಿಳಿಯುತ್ತದೆ. ಅದು ತಪ್ಪಲ್ಲ, ‘ಮೂಲದಿಂದ’ ಎಂದು ಬರೆದದ್ದು ತಪ್ಪು. ಅಕ್ಕಾಡಿಯನ್ನಿನಲ್ಲಿ ನಕ್ಷತ್ರದಂಥ ಒಂದೇ ಚಿಹ್ನೆ ‘ಅನ್’ ಎಂಬ ಉಚ್ಚಾರವೂ ಹೌದು, ಆಕಾಶವೂ ಹೌದು, ದೇವರೂ ಹೌದು. ದೇವತೆಯ ಹೆಸರಿಗೆ ಮೊದಲು ಬಂದರೆ ಉಚ್ಚರಿಸದೆ ಬಿಡುವ ಗುರುತೂ ಹೌದು. ಈ ಆಯ್ಕೆಗಳನ್ನೆಲ್ಲ ನಿಮಗಾಗಿ ಬೇರೊಬ್ಬರು ಮಾಡಿಟ್ಟಿದ್ದಾರೆ. ಚೌಕ ಆವರಣಗಳನ್ನೂ ನೀವು ಕಿತ್ತುಹಾಕಿದ್ದೀರಿ. ಮುರಿದ ಫಲಕದಲ್ಲಿ ಕಳೆದುಹೋದದ್ದನ್ನು ಸಂಪಾದಕರು ಊಹಿಸಿ ತುಂಬಿದ್ದಾರೆ ಎನ್ನುವುದಕ್ಕೆ ಅವೇ ಸಾಕ್ಷಿ. ಈಗ ಅವರ ಊಹೆ ಕವಿಯ ಮಾತಾಗಿ ನಿಂತಿದೆ.

ನಿಮ್ಮೊಬ್ಬರ ಮೇಲೆ ಸಿಟ್ಟಿಲ್ಲ. ಅನುವಾದದ ಅನುವಾದಕ್ಕೆ ‘ಮೂಲದಿಂದ’ ಎಂಬ ಹಣೆಪಟ್ಟಿ ಕಟ್ಟುವ ಹಿರಿಯರೂ ಇದ್ದಾರೆ. ಷಿಕಾಗೋದ ಅಕ್ಕಾಡಿಯನ್ ನಿಘಂಟು 1921ರಲ್ಲಿ ಶುರುವಾಗಿ ಮುಗಿದದ್ದು 2011ರಲ್ಲಿ, ತೊಂಬತ್ತು ವರ್ಷ. ಅದನ್ನು ದಿನವೂ ತಿರುವಿಹಾಕುವ ಅನುವಾದಕರು ಮುನ್ನುಡಿಯಲ್ಲಿ ಹೆಂಡತಿ ಮಕ್ಕಳನ್ನು ನೆನೆಯುತ್ತಾರೆ, ನಿಘಂಟನ್ನು ನೆನೆಯುವುದಿಲ್ಲ. ಮೂರು ವರ್ಷಕ್ಕೆ ಫಲಿತಾಂಶ ಕೇಳುವ ಇಂದಿನ ಅನುದಾನ ಸಮಿತಿಗಳ ಮುಂದೆ ಅಂಥ ಯೋಜನೆ ಇಟ್ಟಿದ್ದರೆ ಮೊದಲ ಸಂಪುಟವೂ ಹೊರಬರುತ್ತಿರಲಿಲ್ಲ.

ಆ ನಿಘಂಟಿನ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಸಾಲುಗಳ ಲಿಪ್ಯಂತರ (ಮೂಲದ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಬರೆದದ್ದು) ಹುಡುಕಿ, ಐದೇ ಸಾಲು ಆರಿಸಿ, ಒಂದೊಂದು ಪದವನ್ನೂ ಅದರಲ್ಲಿ ನೋಡಿ. ಆವರಣಗಳನ್ನು ಮರಳಿ ಹಾಕಿ, ‘ಇಂಗ್ಲಿಷಿನಿಂದ, ಲಿಪ್ಯಂತರದೊಂದಿಗೆ ಹೋಲಿಸಿ’ ಎಂದು ಬರೆದು ಕಳಿಸಿ. ಪ್ರಕಟಿಸುತ್ತೇವೆ.