ಜಗಲಿಯ ನಡಿಗೆ ಲೆಕ್ಕಕ್ಕಿಲ್ಲ ಅಂದವರು ಯಾರು?

ಶಿರಸಿ ಹತ್ತಿರದ ಹಳ್ಳಿಯೊಂದರಿಂದ 43 ವರ್ಷದ ಓದುಗರೊಬ್ಬರು ಬರೆದ ಪತ್ರ ಓದಿ ಸಿಟ್ಟು ಬಂತು. ಅವರ ಮೇಲಲ್ಲ.

ಪತ್ರದ ಸಾರ ಇಷ್ಟು. ಸೊಸೈಟಿಯಲ್ಲಿ ಕೆಲಸ, ತೋಟದ ಮನೆ. ಕಳೆದ ವರ್ಷ ರಕ್ತ ಪರೀಕ್ಷೆಯಲ್ಲಿ, ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ಎಚ್‌ಬಿಎ1ಸಿ 6.1 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ, ಈಗಲೇ ನಡೆಯಲು ಶುರು ಮಾಡಿ ಎಂದರು ಡಾಕ್ಟರು. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಸಲ ಬೆಳಗಿನ ವಾಕಿಂಗ್ ಹಿಡಿದು ನಾಲ್ಕು ಸಲವೂ ಬಿಟ್ಟಿದ್ದಾರೆ. ಜೂನ್ ಬಂದರೆ ಮಳೆ, ರಸ್ತೆಯ ಅಂಚಿಗೆಲ್ಲ ರಕ್ತ ಹೀರುವ ಉಂಬಳ. ದೀಪಾವಳಿ ಕಳೆದರೆ ಅಡಿಕೆ ಕೊಯ್ಲು. ಮಾರಿಕಾಂಬೆ ಜಾತ್ರೆಯ ವರ್ಷ ಮನೆ ತುಂಬ ನೆಂಟರು. ಏಪ್ರಿಲ್, ಮೇ ಪೂರ್ತಿ ಮದುವೆ, ಉಪನಯನ. ಬೆಂಗಳೂರಿನ ನಾದಿನಿ ಒಂದು ವಾಟ್ಸಾಪ್ ಗುಂಪು ನಡೆಸುತ್ತಾರೆ. ಒಂದು ಮಂಡಲ, ಅಂದರೆ 48 ದಿನ, ದಿನಕ್ಕೆ 10,000 ಹೆಜ್ಜೆ. ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ. ತಪ್ಪಿದವರ ಹೆಸರಿನ ಮುಂದೆ ಕೆಂಪು ಗುರುತು. "ಒಂದು ಮಂಡಲವನ್ನೂ ಮುಗಿಸಲಾಗದ ಸೋಮಾರಿ ನಾನು" ಎಂದು ಬರೆದಿದ್ದಾರೆ.

ಅಮ್ಮಾ, ನಿಮ್ಮ ಪತ್ರದ ಕೊನೆಗೆ, ವಂದನೆ ಹೇಳುವ ಮೊದಲು, ಒಂದು ಸಾಲು ಬರೆದಿದ್ದೀರಿ. ಕಳೆದ ಮಳೆಗಾಲದಲ್ಲಿ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ಹದಿನೈದು ನಿಮಿಷ ನಡೆಯುತ್ತಿದ್ದೆ, ಆಷಾಢ ಪೂರ್ತಿ ನಡೆದೆ, ಆದರೆ "ಮನೆಯೊಳಗೆ ತಿರುಗಿದ್ದೆಲ್ಲ ಲೆಕ್ಕಕ್ಕಿಲ್ಲ ಅತ್ತಿಗೆ" ಅಂತ ನಾದಿನಿ ಅಂದಳು, ಬಿಟ್ಟೆ.

ಇದನ್ನು ಪತ್ರದ ಮೊದಲಿಗೇ ಬರೆಯಬೇಕಿತ್ತು. ಮಲೆನಾಡಿನ ಆಷಾಢದಲ್ಲಿ, ಕರೆಂಟಿಲ್ಲದ ರಾತ್ರಿಗಳಲ್ಲಿ, ಒಂದು ತಿಂಗಳು ಬಿಡದೆ ನಡೆದವರು ನೀವು. ಸೋಮಾರಿ ಅಂತ ಯಾವ ಬಾಯಲ್ಲಿ ಹೇಳಿಕೊಳ್ಳುತ್ತೀರಿ? ಅಷ್ಟೇ ಅಲ್ಲ, ನಿಮ್ಮ ತೊಂದರೆಗೆ ಅದೇ ಸರಿಯಾದ ಮದ್ದಾಗಿತ್ತು. ಊಟದ ಬೆನ್ನಿಗೆ ಕಾಲಾಡಿಸಿದರೆ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಊಟದ ನಂತರದ ಏರಿಕೆ ತಗ್ಗುತ್ತದೆ. ಅದಕ್ಕೆ ಡಾಂಬರು ರಸ್ತೆಯೇ ಆಗಬೇಕೆಂದಿಲ್ಲ.

ನಾದಿನಿಯ ಲೆಕ್ಕ ಎಲ್ಲಿಂದ ಬಂತು ನೋಡಿ. 10,000 ಹೆಜ್ಜೆಯ ಗುರಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟವರಿಂದ. ಹತ್ತು ನಿಮಿಷಕ್ಕಿಂತ ಕಡಿಮೆ ನಡೆದರೆ ಲೆಕ್ಕಕ್ಕಿಲ್ಲ ಅನ್ನುವ ಹಳೇ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಕೈಬಿಟ್ಟಿದೆ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಆಗಬೇಕು, ಚೂರು ಚೂರಾಗಿ ಆದರೂ ಸರಿ. ಜಗಲಿಯಲ್ಲೇ ವಾರಕ್ಕೆ 105 ಆಯಿತು. ಉಳಿದದ್ದು ಮಳೆ ಬಿಟ್ಟ ದಿನ ರಸ್ತೆಯಲ್ಲಿ.

ಇನ್ನು ಆ ಕೆಂಪು ಗುರುತು. ಈ ಅಂಕಣ ಓದುವವರಿಗೆ ಗೊತ್ತು, ಚಾಲೆಂಜು ಅಂದರೆ ನನಗೆ ಅಲರ್ಜಿ. ವ್ಯಾಯಾಮವನ್ನು ವ್ರತ ಮಾಡಿಕೊಂಡರೆ ಒಂದು ದಿನ ತಪ್ಪಿದ್ದೇ ವ್ರತಭಂಗ ಆಗಿಬಿಡುತ್ತದೆ. ಆಮೇಲೆ ಹೇಗೂ ಕೆಟ್ಟಿತಲ್ಲ, ಸೋಮವಾರದಿಂದ ನೋಡೋಣ ಅನ್ನುತ್ತೀರಿ. ಲಂಡನ್ನಿನ ಸಂಶೋಧಕರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಅಭ್ಯಾಸ ಮೈಗೂಡಲು ಹೆಚ್ಚುಕಡಿಮೆ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ. ಅವರೆಲ್ಲ ಅಭ್ಯಾಸವನ್ನು ಗಡಿಯಾರಕ್ಕಿಂತ ದಿನವೂ ಆಗುವ ಕೆಲಸಕ್ಕೆ ಗಂಟು ಹಾಕಿಕೊಂಡಿದ್ದರು. ಕೊಯ್ಲಿರಲಿ, ಜಾತ್ರೆ ಇರಲಿ, ನೀವು ಊಟವಂತೂ ಮಾಡುತ್ತೀರಿ, ಅಲ್ವಾ?

ಯಜಮಾನರು ಜೊತೆಗೆ ಬರುವುದಿಲ್ಲ ಅಂತ ದೂರಿದ್ದೀರಿ. ಅದು ನನಗೆ ಅಷ್ಟು ಸರಿ ಕಾಣಲಿಲ್ಲ. ಮಳೆ ಹೊಳವಾದ ಕೂಡಲೇ ಮೈಲುತುತ್ತು, ಸುಣ್ಣ ಕಲೆಸಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಓಡುವ ಮನುಷ್ಯನನ್ನು ಬೆಳಿಗ್ಗೆ ಆರಕ್ಕೆ ವಾಕಿಂಗಿಗೆ ಕರೆದರೆ ಹೇಗೆ ಬಂದಾರು? ಬಿಟ್ಟುಬಿಡಿ ಪಾಪ. ಹಾಗಂತ "ಮನೆಕೆಲಸವೇ ವ್ಯಾಯಾಮ" ಅನ್ನುವ ಅತ್ತೆಯವರ ಮಾತನ್ನೂ ನಂಬಬೇಡಿ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿ ಹತ್ತರವರೆಗೆ ಅಡಿಕೆ ಸುಲಿದರೆ ಸೊಂಟ ಬೀಳುತ್ತದೆ, ಬೆರಳೆಲ್ಲ ಕಪ್ಪಾಗುತ್ತದೆ. ಕಾಲು ಮಾತ್ರ ಮಡಚಿದಲ್ಲೇ ಇರುತ್ತದೆ. ಸುಸ್ತಾಗುವುದೇ ಬೇರೆ, ನಡೆಯುವುದೇ ಬೇರೆ.

ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಕೈ ತೊಳೆದವರು ಸೀದಾ ಜಗಲಿಗೆ ಹೋಗಿ. ಪಾತ್ರೆ ಕಾಯಲಿ. ಹದಿನೈದು ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಚುರುಕಾಗಿ. ಅಡಿಕೆ ರಾಶಿ ಬಿದ್ದು ಜಗಲಿಯಲ್ಲಿ ಜಾಗವಿಲ್ಲದಿದ್ದರೆ ಮಹಡಿಯ ಮೆತ್ತಿನ ಮೇಲೆ. ನೆಂಟರಿದ್ದರೆ ಅವರನ್ನೂ ಎಬ್ಬಿಸಿಕೊಂಡು. ಒಂದು ರಾತ್ರಿ ತಪ್ಪಿತೋ, ಮರುದಿನ ರಾತ್ರಿ ಸುಮ್ನೆ ನಡೆಯಿರಿ, ಎಣಿಸಬೇಡಿ. ಗುಂಪಿನಿಂದ ಈಗಲೇ ಹೊರಬನ್ನಿ. ನಾದಿನಿ ಕೇಳಿದರೆ ಫೋನಿನಲ್ಲಿ ಜಾಗ ಇಲ್ಲ ಅನ್ನಿ.

ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ರಿಪೋರ್ಟು ಡಾಕ್ಟರಿಗೆ ತೋರಿಸಿ. ನಾದಿನಿಗೆ ಕಳಿಸುವ ಅಗತ್ಯವಿಲ್ಲ.