ನಾತ್ರದಾಮ್‌ನ ಆರ್ಗನ್ ವಾದಕ

ಪ್ರಶ್ನೆ: ದೃಷ್ಟಿ ಮಂದವಾಗಿದ್ದ ಫ್ರಾನ್ಸಿನ ಆರ್ಗನ್ ವಾದಕ ಲೂಯಿ ವಿಯೆರ್ನ್ ಸಂಗೀತವನ್ನು ಹೇಗೆ ಬರೆಯುತ್ತಿದ್ದರು? ನಮ್ಮ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ನನಗೂ ಕಣ್ಣು ಸರಿಯಾಗಿ ಕಾಣದು.
– ಓದುಗರು, ಕೋಲಾರ ಚಿನ್ನದ ಗಣಿ

ಉತ್ತರ: 1870ರಲ್ಲಿ ಜನಿಸಿದ ವಿಯೆರ್ನ್, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯಲ್ಲಿ ಓದಿ, ಆರ್ಗನ್ (ಚರ್ಚುಗಳಲ್ಲಿ ನುಡಿಸುವ, ಕೊಳವೆಗಳಿಂದ ನಾದ ಹೊಮ್ಮಿಸುವ ಕೀಲಿಮಣೆ ವಾದ್ಯ) ವಾದಕರೂ ಸಂಗೀತ ರಚನಕಾರರೂ ಆಗಿದ್ದ ಸೆಜಾರ್ ಫ್ರಾಂಕ್ ಹಾಗೂ ವಿದೋರ್ ಅವರಲ್ಲಿ ಕಲಿತು, 1900ರಲ್ಲಿ ಸ್ಪರ್ಧೆಯಲ್ಲಿ ಗೆದ್ದು ಅದೇ ನಗರದ ನಾತ್ರದಾಮ್ ಮಹಾದೇವಾಲಯದ (ಕೆಥೆಡ್ರಲ್) ಆರ್ಗನ್ ವಾದಕರಾದರು. ಮೊದಲ ಮಹಾಯುದ್ಧದಲ್ಲಿ ಮಗನನ್ನೂ ತಮ್ಮನನ್ನೂ ಕಳೆದುಕೊಂಡ ಮೇಲೆಯೂ ಅವರು ರಚನೆಯನ್ನು ಬಿಡಲಿಲ್ಲವೆಂಬುದು ನನಗೆ ಅವರ ಆರು ಆರ್ಗನ್ ಸಿಂಫನಿಗಳಷ್ಟೇ (ಹಲವು ಭಾಗಗಳ ದೀರ್ಘ ಕೃತಿಗಳು) ದೊಡ್ಡದಾಗಿ ಕಾಣುತ್ತದೆ. 1937ರ ಜೂನ್ 2ರಂದು ಸಂಗೀತ ಕಛೇರಿಯ ನಡುವೆ ನಾತ್ರದಾಮ್‌ನ ಅದೇ ಆರ್ಗನ್ನಿನ ಮುಂದೆ ಕುಸಿದು ತೀರಿಕೊಂಡರು. ಮೊದಮೊದಲು ಅಗಲವಾದ ಹಾಳೆಗಳ ಮೇಲೆ ದಪ್ಪ ಪೆನ್ಸಿಲ್ಲಿನಿಂದ ದೊಡ್ಡದಾಗಿ ಸ್ವರಗಳನ್ನು ಬರೆಯುತ್ತಿದ್ದ ಅವರು, ದೃಷ್ಟಿ ಇನ್ನಷ್ಟು ಕುಂದಿದಾಗ ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯನ್ನೇ ನೆಚ್ಚಿಕೊಂಡರು. ಬ್ರೈಲ್ ಸ್ವರಲಿಪಿ ಇಂದಿಗೂ ಬಳಕೆಯಲ್ಲಿದೆ. ದಯವಿಟ್ಟು ಈಗಿನಿಂದಲೇ ಕಲಿಯಲು ಆರಂಭಿಸಿ.