ಓದುಗರ ಪ್ರಶ್ನೆ: ಬುಡಾಪೆಸ್ಟ್‌ನ ರಾತ್ರಿ, ಊಟ ಮತ್ತು ಹಾಸ್ಟೆಲ್ ವಾಸ

ಪ್ರಶ್ನೆ: ನಾನು ಹಾಸನದ ಕಾಲೇಜೊಂದರಲ್ಲಿ ಉಪನ್ಯಾಸಕಿ. ರಜೆಯಲ್ಲಿ ಗೆಳತಿಯೊಡನೆ ಹಂಗೇರಿಯ ಬುಡಾಪೆಸ್ಟ್‌ಗೆ ಹೋಗಿ, ಖರ್ಚು ಹಿಡಿತದಲ್ಲಿರಲೆಂದು ಪ್ರವಾಸಿಗರ ಹಾಸ್ಟೆಲ್‌ನಲ್ಲಿ ಉಳಿಯಬೇಕೆಂದಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು, ಮದ್ಯ ಮುಟ್ಟುವವರಲ್ಲ. ಆ ಊರಿನ ಹೆಸರಾಂತ ರಾತ್ರಿಜೀವನದಲ್ಲಿ ನಮ್ಮಂಥವರಿಗೆ ಏನಾದರೂ ಇದೆಯೇ? ಅಪರಿಚಿತರೊಡನೆ ಒಂದೇ ಕೋಣೆಯಲ್ಲಿ ಮಲಗುವುದು ಕ್ಷೇಮವೇ? ಊಟಕ್ಕೆ ಏನು ಮಾಡಬೇಕು?
– ಓದುಗಿ, ಹಾಸನ

ಉತ್ತರ: ಖಂಡಿತ ಇದೆ. ಬುಡಾಪೆಸ್ಟ್‌ನ ರಾತ್ರಿಯೆಂದರೆ ಬಾರುಗಳು ಮಾತ್ರ ಎಂಬ ಪ್ರಚಾರ ಆ ಊರಿಗೆ ಮಾಡಿದ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಕತ್ತಲಾದ ಮೇಲೆ ಡ್ಯಾನ್ಯೂಬ್ ನದಿಯ ಪೆಸ್ಟ್ ದಂಡೆಯಗುಂಟ ಸಾಗುವ 2ನೇ ಸಂಖ್ಯೆಯ ಟ್ರಾಮ್ ಹತ್ತಿ ನದಿಯ ಕಡೆಯ ಕಿಟಕಿಯ ಬಳಿ ಕುಳಿತರೆ, ದೀಪಾಲಂಕೃತ ಸಂಸತ್ ಭವನ, 1849ರಲ್ಲಿ ಸಂಚಾರಕ್ಕೆ ತೆರೆದ ಚೈನ್ ಸೇತುವೆ, ಆಚೆ ದಡದ ಗುಡ್ಡದ ಮೇಲಿನ ಅರಮನೆ ಎಲ್ಲವನ್ನೂ ಸಾಮಾನ್ಯ ಟಿಕೆಟ್ಟಿನ ಬೆಲೆಯಲ್ಲಿ ನೋಡಬಹುದು. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತಿದ ಕೂಡಲೇ ಅದಕ್ಕೆ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ. ಮುದ್ರೆಯಿಲ್ಲದ ಟಿಕೆಟ್ಟಿಗೂ ದಂಡ ಬೀಳುತ್ತದೆ. 1884ರಲ್ಲಿ ಆರಂಭವಾದ ಒಪೆರಾ ಭವನದಲ್ಲಿ ಮೇಲಂತಸ್ತಿನ ಆಸನಗಳು ಅಗ್ಗವಾಗಿ ಸಿಗುತ್ತವೆ. 1913ರ ಸೆಚೆನಿ ಸ್ನಾನಗೃಹದಲ್ಲಿ, ನೆಲದಾಳದಿಂದ ಬರುವ ಬಿಸಿನೀರಿನ ಬಯಲು ಕೊಳದಲ್ಲಿ, ಸಂಜೆಯ ತಂಪಿನಲ್ಲಿ ಕುಳಿತಿರುವ ಸುಖವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಇನ್ನು ‘ರೂಯಿನ್ ಬಾರ್’ಗಳ, ಅಂದರೆ ಪಾಳುಮನೆಗಳ ಬಾರುಗಳ ವಿಷಯ. ಇವು ಹೆಚ್ಚಾಗಿ ಇರುವುದು ನಗರದ 7ನೇ ಜಿಲ್ಲೆಯ ಹಳೆಯ ಯಹೂದಿ ಕೇರಿಯಲ್ಲಿ. 1944–45ರ ಚಳಿಗಾಲದಲ್ಲಿ ಸಾವಿರಾರು ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ ಘೆಟ್ಟೊ ಇದ್ದದ್ದು ಇಲ್ಲಿಯೇ. ಆಮೇಲೆ ದಶಕಗಳ ಕಾಲ ಪಾಳುಬಿದ್ದ ಮನೆಗಳ ಅಂಗಳಗಳಲ್ಲಿ, ಈ ಶತಮಾನದ ಆರಂಭದಲ್ಲಿ, ಕೆಲವು ಯುವಕರು ಎಸೆದ ಕುರ್ಚಿ, ಹಳೆಯ ಸೋಫಾ, ತೂಗುದೀಪಗಳನ್ನು ಜೋಡಿಸಿ ಸಂಜೆ ಕೂಡುವ ಜಾಗಗಳನ್ನು ಮಾಡಿದರು. 2002ರಲ್ಲಿ ಹುಟ್ಟಿ, 2004ರಲ್ಲಿ ಕಾಜಿಂತ್ಸಿ ಬೀದಿಗೆ ಬಂದ ಸಿಂಪ್ಲಾ ಕೆರ್ಟ್ ಅವುಗಳಲ್ಲಿ ಹೆಸರುವಾಸಿ. ನೀವು ಹಗಲಿನಲ್ಲಿ ಮೊದಲು ಸಮೀಪದ ದೊಹಾನಿ ಬೀದಿಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ, ಜನ ಒತ್ತುವ ಮೊದಲೇ, ಸಂಜೆ ಏಳರ ಸುಮಾರಿಗೆ, ಇಲ್ಲಿಗೆ ಬನ್ನಿ. ನಿಂಬೆ ಪಾನಕ ಹಿಡಿದು ಕುಳಿತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಮೇಲಿನ ಮಹಡಿಗಳಲ್ಲಿ ಸಂಸಾರಗಳು ವಾಸವಾಗಿರುವ ಬೀದಿಗಳಿವು. ಹೊರಬಂದ ಮೇಲೆ ಗಟ್ಟಿಯಾಗಿ ಮಾತಾಡದಿರುವುದು ಅತಿಥಿಗಳ ಕರ್ತವ್ಯ.

ದಾರಿಯಲ್ಲಿ ತಾವಾಗಿ ಪರಿಚಯ ಮಾಡಿಕೊಂಡು ‘ಒಳ್ಳೆಯ ಜಾಗ ತೋರಿಸುತ್ತೇವೆ’ ಎನ್ನುವವರ ಹಿಂದೆ ಹೋಗಬೇಡಿ. ಬೆಲೆಪಟ್ಟಿ ತೋರಿಸದ ಕಡೆ ಏನನ್ನೂ ತರಿಸಬೇಡಿ. ಮೆಟ್ರೊ ನಡುರಾತ್ರಿಗೆ ಮೊದಲೇ ನಿಲ್ಲುತ್ತದೆ, ಆದರೆ 6ನೇ ಸಂಖ್ಯೆಯ ಟ್ರಾಮ್ ಇಡೀ ರಾತ್ರಿ ಓಡುತ್ತದೆ. ಆದ್ದರಿಂದ ಆ ಮಾರ್ಗದ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಾಸ್ಟೆಲ್ ಹುಡುಕಿ. ತುರ್ತು ಕರೆಯ ಸಂಖ್ಯೆ 112.

ಹಾಸ್ಟೆಲ್‌ಗಳಲ್ಲಿ ಮಹಿಳೆಯರಿಗಷ್ಟೇ ಮೀಸಲಾದ ಕೋಣೆಗಳಿರುತ್ತವೆ; ನಾಲ್ಕು ಅಥವಾ ಆರು ಹಾಸಿಗೆಯ ಕೋಣೆ ನಿಮಗೆ ಹಿತ. ಪ್ರತಿ ರಾತ್ರಿ ಅತಿಥಿಗಳನ್ನು ಬಾರಿನಿಂದ ಬಾರಿಗೆ ಕರೆದೊಯ್ಯುವ ಹಾಸ್ಟೆಲ್‌ಗಳೂ ಉಂಟಾದ್ದರಿಂದ, ಕಾಯ್ದಿರಿಸುವ ಮೊದಲು ಇತ್ತೀಚಿನ ಅತಿಥಿಗಳು ನಿದ್ರೆಯ ಬಗ್ಗೆ, ಶುಚಿತ್ವದ ಬಗ್ಗೆ ಏನು ಬರೆದಿದ್ದಾರೆಂದು ಓದಿ. ಕಪಾಟು ಅವರದು, ಬೀಗ ನಿಮ್ಮದು: ಸಣ್ಣ ಬೀಗವೊಂದನ್ನು ಹಾಸನದಿಂದಲೇ ಒಯ್ಯಿರಿ. ತಡವಾಗಿ ಬರುವ ದಿನ ರಾತ್ರಿಯುಡುಪನ್ನು ಮೊದಲೇ ದಿಂಬಿನ ಬಳಿ ಇಟ್ಟುಹೋದರೆ, ದೀಪ ಹಾಕಿ ಚೀಲ ತಡಕಾಡಿ ಉಳಿದವರನ್ನು ಎಬ್ಬಿಸುವ ಪ್ರಸಂಗ ಬರುವುದಿಲ್ಲ. ಅಪರಿಚಿತರು ಪರಿಚಿತರಾಗುವುದು ಸಾಮೂಹಿಕ ಅಡುಗೆಮನೆಯಲ್ಲಿ. ಅಲ್ಲಿ ನೀವು ಮಾಡಿದ ಉಪ್ಪಿಟ್ಟನ್ನು ಪಕ್ಕದವರಿಗೂ ಒಂದು ತಟ್ಟೆ ಕೊಡಿ, ಆದರೆ ಒಗ್ಗರಣೆಯ ಎಣ್ಣೆ ಹೊಗೆಯಾಡದಂತೆ ನೋಡಿಕೊಳ್ಳಿ, ಏಕೆಂದರೆ ಹೊಗೆ ಎಚ್ಚರಿಕೆಯ ಗಂಟೆ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ.

ಊಟದಲ್ಲಿ ‘ಲಾಂಗೋಶ್’ ರುಚಿ ನೋಡಲೇಬೇಕು. ಹುದುಗಿಸಿದ ಹಿಟ್ಟನ್ನು ನಮ್ಮ ಪೂರಿಯಂತೆ ಕರಿದು, ಬೆಳ್ಳುಳ್ಳಿ ಸವರಿ, ಹುಳಿಕೆನೆ ಮತ್ತು ತುರಿದ ಚೀಸ್ ಹಾಕಿಕೊಡುತ್ತಾರೆ. 1897ರಲ್ಲಿ ತೆರೆದ ದೊಡ್ಡ ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಸಿಗುತ್ತದೆ. ತರಕಾರಿಯನ್ನು ಗಟ್ಟಿಯಾಗಿ ಬೇಯಿಸಿದ ‘ಫೋಜೆಲೇಕ್’ ಹೊಟ್ಟೆ ತುಂಬಿಸುವ ಮನೆಯಡುಗೆ. ಆದರೆ ಹಂಗೇರಿಯ ಅಡುಗೆಯಲ್ಲಿ ಹಂದಿಯ ಕೊಬ್ಬಿನ ಬಳಕೆ ಹೆಚ್ಚು. ಕರಿಯುವುದಕ್ಕೂ ಒಗ್ಗರಣೆಗೂ ಅದು ಬರಬಹುದು. ‘ಮಾಂಸ ಬೇಡ, ಪ್ರಾಣಿಕೊಬ್ಬು ಬೇಡ, ಮಾಂಸದ ಸಾರೂ ಬೇಡ’ ಎಂದು ಹಾಸ್ಟೆಲ್‌ನ ಸ್ವಾಗತ ಮೇಜಿನವರಿಂದ ಹಂಗೇರಿಯನ್ ಭಾಷೆಯಲ್ಲಿ ಚೀಟಿ ಬರೆಸಿಕೊಂಡು ಹೋದಲ್ಲೆಲ್ಲ ತೋರಿಸಿ.

ಪ್ರಶ್ನೆ: ನಾನು ಅರವತ್ತು ದಾಟಿದ ಕಾಫಿ ಬೆಳೆಗಾರ. ನಮ್ಮ ವಯಸ್ಸಿನವರನ್ನು ಹಾಸ್ಟೆಲ್‌ಗೆ ಸೇರಿಸುತ್ತಾರೆಯೇ? ಮನೆಯ ತಿಂಡಿ ಒಯ್ಯಬಹುದೇ?
– ಓದುಗ, ಚಿಕ್ಕಮಗಳೂರು

ಉತ್ತರ: ಕೆಲವು ಹಾಸ್ಟೆಲ್‌ಗಳು ಸಾಮೂಹಿಕ ಕೋಣೆಗೆ ವಯೋಮಿತಿ ಇಡುತ್ತವೆ, ಅನೇಕ ಕಡೆ ಅಂಥ ನಿಯಮವಿಲ್ಲ. ನೀವು ಪ್ರತ್ಯೇಕ ಕೋಣೆ ಹಿಡಿಯಿರಿ, ಇಲ್ಲವೇ ಕೆಳಗಿನ ಹಾಸಿಗೆಯೇ ಬೇಕೆಂದು ಮೊದಲೇ ಬರೆದು ತಿಳಿಸಿ. ನಿಮ್ಮ ತೋಟದ ಕಾಫಿಪುಡಿ, ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ ತುಪ್ಪ, ಪೇಡಗಳನ್ನು ಮನೆಯಲ್ಲೇ ಬಿಡಿ. ಹಂಗೇರಿಗೆ ಹೋಗಲು ಬೇಕಾದ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನಿಮಗೆ ಈಗಾಗಲೇ ಇರುವ ಕಾಯಿಲೆಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.